ಕೌದಿಯೋ ನಿದ್ರಾಚೀಲವೋ: ಶಿಬಿರ ಸಾಮಗ್ರಿ ಅಧಿಕಾರಿಗಳಿಗೆ ದೇವದುರ್ಗದಿಂದ ಒಂದು ಅಭಿಪ್ರಾಯ

ದೇವದುರ್ಗ,
ನವೆಂಬರ್ ೧೯೮೦

ಶಿಬಿರ ಸಾಮಗ್ರಿ ಅಧಿಕಾರಿಗಳ ಸನ್ನಿಧಿಗೆ, ರಾಯಚೂರು.

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ಗೋದಾಮಿನಲ್ಲಿ ಸುರುಳಿ ಸುತ್ತಿಕೊಂಡು ವಿಶ್ರಾಂತಿಯಲ್ಲಿರುವ ನಿದ್ರಾಚೀಲಗಳಿಗೂ ನಮ್ಮ ಯುವಕ ಮಂಡಲದ ಪರವಾಗಿ ಚಳಿಗಾಲದ ವಂದನೆಗಳು. ಕಳೆದ ವಾರದ ಪತ್ರಿಕೆಯಲ್ಲಿ, ಹತ್ತಿಯ ಧಾರಣೆಗೂ ಸಿನಿಮಾ ಜಾಹೀರಾತಿಗೂ ನಡುವೆ, ತಮ್ಮ ಪ್ರಕಟಣೆಯನ್ನು ಓದಿದೆ. ಬರುವ ಜನವರಿಯ ಶ್ರಮದಾನ ಶಿಬಿರಕ್ಕೆ ಬರುವವರು ಮನೆಯ ಕೌದಿ ಹೊದೆಯಬೇಕೋ ಇಲಾಖೆಯ ನಿದ್ರಾಚೀಲದಲ್ಲಿ ಮಲಗಬೇಕೋ ಎಂಬ ಬಗ್ಗೆ ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದೆಂದು ಅದರಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಚುನಾವಣೆ ಮುಗಿದ ಮೇಲೆ ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲವಾದ್ದರಿಂದ ಮಂಡಲದ ಸದಸ್ಯರೆಲ್ಲ ಸಂತೋಷಪಟ್ಟರು. ಕಾರ್ಯದರ್ಶಿಯಾದ ನನಗೆ ಉತ್ತರ ಬರೆಯುವ ಕೆಲಸ ಒಪ್ಪಿಸಿದ್ದಾರೆ.

ಅಭಿಪ್ರಾಯಕ್ಕೆ ಮೊದಲು ಒಂದು ಸಣ್ಣ ವಿನಂತಿ ಇದೆ. ಕಳೆದ ಜನವರಿಯಲ್ಲಿ ಮಾನ್ವಿ ತಾಲೂಕಿನ ಚೀಕಲಪರ್ವಿಯ ಹೊಳೆದಂಡೆಯಲ್ಲಿ ತಾವು ನಡೆಸಿದ ಶಿಬಿರಕ್ಕೆ ನಮ್ಮ ಊರಿನಿಂದ ಮಂಡಲದವರಾದ ನಮ್ಮ ಜೊತೆಗೆ ಕೂಲಿ ಮಾಡುವ ಬೂದೆಮ್ಮ ಮತ್ತು ಅವಳ ಗಂಡ ಕನಕಪ್ಪ ಬಂದಿದ್ದರು. ಬೂದೆಮ್ಮನ ಕೌದಿ ಅಂದಿನಿಂದ ತಮ್ಮ ವಶದಲ್ಲಿದೆ. ಅದು ಆ ಮನೆಯಲ್ಲಿದ್ದ ಒಂದೇ ಕೌದಿ. ತೀರಿಕೊಂಡ ಅತ್ತೆ ತಿಮ್ಮವ್ವನ ಸೀರೆಗಳಿಂದ ಹೊಲಿದದ್ದು, ನಾಲ್ಕು ಮೂಲೆಗೂ ಕೆಂಪು ಖಣದ ತುಂಡು ಇರುವುದು. ಬೂದೆಮ್ಮನ ಮಗಳು ಬಂಡೆಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹುಟ್ಟುವ ಕೂಸನ್ನು ಮೊದಲು ಅಜ್ಜಿ ಮುತ್ತಜ್ಜಿಯರ ಹಳೆಯ ಸೀರೆಯ ಮೇಲೆ ಮಲಗಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೂಸು ಎಳ್ಳ ಅಮಾವಾಸ್ಯೆಯ ಹಿಂದುಮುಂದು ಬರುವುದೆಂದು ಸೂಲಗಿತ್ತಿ ಹೇಳಿದ್ದಾಳೆ. ತಮ್ಮ ವಿಚಾರಣೆ ಅಷ್ಟರೊಳಗೆ ಮುಗಿದೀತೇ ಎಂಬುದಷ್ಟೇ ನಮ್ಮ ಪ್ರಶ್ನೆ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿರುವುದರಿಂದ, ಆ ವಿಚಾರಣೆ ಯಾತರದೆಂದು ಅದರ ಓದುಗರಿಗೆ ತಿಳಿಯಬೇಕಾದರೆ ನಡೆದದ್ದನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ತಾವು ಕ್ಷಮಿಸಬೇಕು.

ಮೊದಲ ತಪ್ಪು ನಮ್ಮದೇ. ತಮ್ಮ ಕಚೇರಿಯ ಸುತ್ತೋಲೆಯಲ್ಲಿ 'ಶಿಬಿರಕ್ಕೆ ಬಂದವರಿಗೆ ತಲಾ ಒಂದು ನಿದ್ರಾಚೀಲ ಒದಗಿಸಲಾಗುವುದು' ಎಂದಿತ್ತಂತೆ. ನಮಗೆ ಬಂದ ಸೈಕ್ಲೋಸ್ಟೈಲ್ ಪ್ರತಿಯಲ್ಲಿ 'ನಿದ್ರಾ' ಎಂಬಲ್ಲಿ ಮಸಿ ಹತ್ತಿರಲಿಲ್ಲ, 'ಚೀಲ' ಮಾತ್ರ ದುಂಡಗೆ ಮೂಡಿತ್ತು. ಆ ವರ್ಷ ನಮ್ಮ ತಾಲೂಕಿನಲ್ಲಿ ರಸ್ತೆ ಕೆಲಸಕ್ಕೂ ಕೆರೆ ಕೆಲಸಕ್ಕೂ ಕೂಲಿಯ ಬದಲು ಕಾಳು ಅಳೆದು ಕೊಡುತ್ತಿದ್ದರು. ಅಂಥ ಕಾಲದಲ್ಲಿ ತಲಾ ಒಂದು ಚೀಲ ಎಂದರೆ ಜೋಳದ ಚೀಲವಲ್ಲದೆ ಬೇರೇನೆಂದು ತಿಳಿಯಬೇಕಿತ್ತೋ ನನಗೆ ಈಗಲೂ ಹೊಳೆಯದು. ಕನಕಪ್ಪ ಲೆಕ್ಕ ಹಾಕಿದ್ದು ಹೀಗೆ: "ನಂದೊಂದು, ಆಕಿದೊಂದು, ಎರಡು ಚೀಲ ಆತು. ಲಾರ್ಯಾಗ ಹೋದ್ರ ಹೊತ್ತುಕೊಂಡು ಬರೋರು ಯಾರ್ರೀ? ಬಂಡಿ ಹೂಡತೀನಿ." ತಾವು ಕಳಿಸಿದ ಲಾರಿಯನ್ನು ಬಿಟ್ಟು ಗಂಡಹೆಂಡತಿ ಎರಡು ದಿನ ಬಂಡಿ ಹೊಡೆದುಕೊಂಡು ಚೀಕಲಪರ್ವಿ ಮುಟ್ಟಿದರು. ದೇಶಸೇವೆಗಾಗಿ ಇಷ್ಟು ದೂರ ಬಂಡಿಯಲ್ಲಿ ಬಂದವರೆಂದು ತಾವು ಉದ್ಘಾಟನೆಯ ಭಾಷಣದಲ್ಲಿ ಅವರನ್ನು ಹೊಗಳಿದಿರಿ. ಅವರು ಆ ಹೊಗಳಿಕೆಗೆ ಇಂದಿಗೂ ಋಣಿಗಳು.

ಚೀಲ ಹಂಚುವಾಗ ಬೂದೆಮ್ಮ ತನ್ನ ಪಾಲಿನದರಲ್ಲಿ ಮೊಣಕೈವರೆಗೆ ಕೈ ಹಾಕಿ ತಡಕಾಡಿ, "ಯಪ್ಪಾ, ಇದು ಬರೇ ಖಾಲಿ ಅದಲ್ಲರೀ! ಜ್ವಾಳ ಎಲ್ಲಿ ಅದಾವು?" ಎಂದು ಕೇಳಿದಳು. ತಮ್ಮ ಸಹಾಯಕರಾದ ಶರಣಯ್ಯನವರು ಬಹಳ ಸಮಾಧಾನದಿಂದ, "ಇದರಾಗ ಜ್ವಾಳ ಇರೂದಿಲ್ಲ ಬೇ ಯವ್ವಾ, ಇದರಾಗ ನೀವ ಹೋಗಬೇಕು" ಎಂದು ವಿವರಿಸಿದರು. ಆಗ ಕನಕಪ್ಪ, "ನಮ್ಮನ್ನ ತುಂಬಿ, ಬಾಯಿ ಹೊಲಿದು ಯಾವ ಊರಿಗೆ ಕಳಸಾಕತ್ತೀರಿ?" ಎಂದದ್ದಕ್ಕೆ ಶರಣಯ್ಯನವರು ಸುತ್ತೋಲೆಯನ್ನು ಹಿಂದುಮುಂದು ತಿರುಗಿಸಿ ನೋಡಿದರು; ಆ ಊರಿನ ಹೆಸರು ಅದರಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಶಿಬಿರದಲ್ಲಿ ಏಕರೂಪತೆ ಇರಬೇಕೆಂಬ ತಮ್ಮ ಆದೇಶದಂತೆ ಎಲ್ಲರ ಕೌದಿ ಕಂಬಳಿಗಳನ್ನೂ ಒಂದು ಡೇರೆಯಲ್ಲಿ ಒಟ್ಟಿಸಲಾಯಿತು. ಬೂದೆಮ್ಮನಿಗೆ ಕೊಟ್ಟ ರಸೀದಿಯಲ್ಲಿ 'ಹಳೇ ಬಟ್ಟೆ ಚೂರುಗಳು, ಒಂದಕ್ಕೊಂದು ಕೂಡಿಸಿದ್ದು' ಎಂದು ಬರೆದಿದ್ದೀರಿ. ಕೌದಿಯ ಬಗ್ಗೆ ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಎಲ್ಲೂ ಓದಿಲ್ಲ. ಇದೇ ರೀತಿ ನೋಡಿದರೆ ತಮ್ಮ ಕಚೇರಿಯನ್ನು ಇಟ್ಟಿಗೆಗಳು, ಒಂದರ ಮೇಲೊಂದು ಇಟ್ಟದ್ದು ಎನ್ನಬಹುದು.

ನಿದ್ರಾಚೀಲದ ಗುಣಗಳನ್ನು ಹೇಳದೆ ಹೋದರೆ ಅನ್ಯಾಯವಾದೀತು. ಅದರ ಒಳಗೆ ಹೊಲಿದಿದ್ದ ಚೀಟಿಯ ಪ್ರಕಾರ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಡೆಯುತ್ತದೆ. ಮರುದಿನದ ಪತ್ರಿಕೆಯಲ್ಲಿ ರಾಯಚೂರಿನ ಕನಿಷ್ಠ ಉಷ್ಣಾಂಶ ಹದಿಮೂರು ಎಂದಿತ್ತು. ಈ ಎರಡರ ನಡುವಿನ ಅಂತರವನ್ನು ನಾವು ಬೆವರಿನಿಂದ ತುಂಬಿಕೊಟ್ಟೆವು. ಜಿಪ್ ಎಳೆದುಕೊಂಡರೆ ಗಿರಣಿಯಲ್ಲಿ ಅಮುಕಿದ ಹತ್ತಿ ಅಂಡಿಗೆಯ ಸುಖ, ಬಿಚ್ಚಿದರೆ ಹೊಳೆಯ ಗಾಳಿಯ ಸುಖ. ಮೂರನೆಯ ಸುಖವನ್ನು ಅದನ್ನು ಹೊಲಿದವರು ಯೋಚಿಸಿದಂತಿಲ್ಲ. ಕೌದಿಯ ದೋಷವೇನೆಂದರೆ ಅದರಲ್ಲಿ ಸೆಕೆಯಾದಾಗ ಒಂದು ಕಾಲನ್ನು ಹೊರಗೆ ಚಾಚಬಹುದು, ಚಳಿ ಹೆಚ್ಚಿದರೆ ಮುಖದ ಮೇಲೆ ಎಳೆದುಕೊಳ್ಳಬಹುದು, ನೆಲ ತಣ್ಣಗಿದ್ದರೆ ಅರ್ಧ ಹಾಸಿ ಅರ್ಧ ಹೊದೆಯಬಹುದು, ಗಂಡಹೆಂಡತಿ ಜಗಳವಾಡಿದ್ದರೂ ಒಂದರಲ್ಲೇ ಮಲಗಬಹುದು. ಇಷ್ಟೊಂದು ಸ್ವಾತಂತ್ರ್ಯವನ್ನು ಇಲಾಖೆ ಸಹಿಸಲಾರದು ಎಂಬುದು ನಮಗೂ ಅರ್ಥವಾಗುತ್ತದೆ.

ತಾವು ಮಾದರಿಯಾಗಲೆಂದು ಸ್ವತಃ ಚೀಲದಲ್ಲಿ ಮಲಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬೆಳಗಿನ ಧ್ವಜಾರೋಹಣದ ಹೊತ್ತಿಗೆ ತಮ್ಮ ಮಫ್ಲರು ಜಿಪ್ಪಿನ ಹಲ್ಲಿಗೆ ಸಿಕ್ಕಿ, ಚೀಲ ಗದ್ದದ ಕೆಳಗೆ ಭದ್ರವಾಗಿ ಮುಚ್ಚಿಕೊಂಡು, ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತು. ಕೈಗಳು ಒಳಗೇ ಉಳಿದವು. ಆಗ ತಮ್ಮ ಕೂಗು ಕೇಳಿ ಓಡಿಬಂದವರು ಸಾಮಾನಿನ ಲಾರಿಯ ಜೊತೆಗೆ ರಾಯಚೂರಿನಿಂದ ಬಂದಿದ್ದ ಇಬ್ಬರು ಹಮಾಲರು, ಜಂಬಣ್ಣ ಮತ್ತು ಸಾಬಣ್ಣ. ಹತ್ತಿ ಮಾರುಕಟ್ಟೆಯಲ್ಲಿ ಇಡೀ ಆಯುಷ್ಯ ಕಳೆದ ಸಾಬಣ್ಣ, ನೆಲದ ಮೇಲೆ ಬಿದ್ದ ಚೀಲವನ್ನು ಕಂಡೊಡನೆ ಸೊಂಟದ ಕೊಕ್ಕೆಗೆ ಕೈ ಹಾಕಿದನು. "ಲೇ ಲೇ, ಕೊಕ್ಕಿ ಹಾಕಬ್ಯಾಡಲೇ! ಇದರಾಗ ಸಾಹೇಬ್ರು ಅದಾರ!" ಎಂದು ಜಂಬಣ್ಣ ತಡೆಯದೆ ಹೋಗಿದ್ದರೆ ಇಂದು ಈ ಪತ್ರವನ್ನು ತಮ್ಮ ಉತ್ತರಾಧಿಕಾರಿಗಳಿಗೆ ಬರೆಯಬೇಕಾಗುತ್ತಿತ್ತು. ಇಬ್ಬರೂ ಸೇರಿ ತಮ್ಮನ್ನು ಎತ್ತಿ ಧ್ವಜಕಂಬದ ಬಳಿ ನೆಟ್ಟಗೆ ನಿಲ್ಲಿಸಿದರು. ಹಗ್ಗವನ್ನು ಶರಣಯ್ಯನವರು ಎಳೆದರು. ತಮ್ಮ ವಂದನೆಯನ್ನು ನಾವು ಚೀಲದೊಳಗಿನ ಅಲುಗಾಟದಿಂದ ಊಹಿಸಿಕೊಂಡೆವು. "ಈಗ ತಿಳೀತು ನೋಡು, ಚೀಲದಾಗ ಏನಿರ್ತದ ಅಂತ" ಎಂದು ಕನಕಪ್ಪ ಹೆಂಡತಿಗೆ ಹೇಳಿದ್ದು ರಾಷ್ಟ್ರಗೀತೆ ಮುಗಿದ ಮೇಲೆಯೇ ಎಂಬುದನ್ನು ದಾಖಲಿಸಲು ಇಚ್ಛಿಸುತ್ತೇನೆ.

ಅಡುಗೆ ಡೇರೆಯ ಶೇಂಗಾ ಎಣ್ಣೆ ಸವರಿ ಜಿಪ್ಪನ್ನು ಇಳಿಸಿದಾಗ ತಾವು ಬೆವರಿನಲ್ಲಿ ತೊಯ್ದುಹೋಗಿದ್ದಿರಿ. ಹೊಳೆಯ ಗಾಳಿ ತಗುಲಿದ್ದೇ ತಡ, ಹಲ್ಲುಗಳು ಕಟಕಟನೆ ಹೊಡೆದುಕೊಳ್ಳತೊಡಗಿದವು. ಯಾರೋ ಡೇರೆಗೆ ಓಡಿ ಕೈಗೆ ಸಿಕ್ಕ ಮೇಲಿನ ಕೌದಿಯನ್ನು ತಂದು ತಮಗೆ ಹೊದಿಸಿದರು. ಅದೇ ಬೂದೆಮ್ಮನ ಕೌದಿ. ಅದನ್ನು ಹೊದ್ದುಕೊಂಡೇ ತಾವು ಚಹಾ ಕುಡಿದಿರಿ, ಅದನ್ನು ಹೊದ್ದುಕೊಂಡೇ ನಿದ್ರಾಚೀಲದ ಉಪಯುಕ್ತತೆಯ ಬಗ್ಗೆ ನಾಲ್ಕು ಮಾತಾಡಿದಿರಿ, ಅದನ್ನು ಹೊದ್ದುಕೊಂಡೇ ಜೀಪು ಹತ್ತಿ ರಾಯಚೂರಿಗೆ ಹೋದಿರಿ. ಶಿಬಿರ ಮುಗಿದಾಗ ಎಲ್ಲರಿಗೂ ಅವರವರ ಹೊದಿಕೆ ಮರಳಿ ಸಿಕ್ಕಿತು. ಬೂದೆಮ್ಮನಿಗೆ ರಸೀದಿ ಉಳಿಯಿತು.

ತಮಗೆ ಮರೆವು ಎಂದು ನಾವು ತಿಳಿದಿದ್ದೆವು, ಆದರೆ ನಮ್ಮ ತಿಳಿವಳಿಕೆ ತಪ್ಪಾಗಿತ್ತು. ಹೊದಿಕೆ ಮರಳಿಸಬೇಕೆಂದು ಬರೆದುಕೊಂಡಾಗ ತಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ, 'ಸದರಿ ಹಾಸಿಗೆಯ ನಡುವೆ ಆಹಾರ ಪದಾರ್ಥ ಅಡಗಿಸಿಟ್ಟಿರುವುದು ಕಂಡುಬಂದಿದ್ದು, ಇದರ ಉದ್ದೇಶದ ಬಗ್ಗೆ ವಿಚಾರಣೆ ಮುಗಿಯುವವರೆಗೆ ಮರಳಿಸಲು ಬರುವುದಿಲ್ಲ' ಎಂದು ತಿಳಿಸಲಾಗಿತ್ತು. ಆಹಾರ ಪದಾರ್ಥ ಎಂದರೆ ರೊಟ್ಟಿ. ಕೌದಿ ಹೊಲಿಯುವ ಹೆಂಗಸರು ಕೊನೆಯ ಹೊಲಿಗೆ ಹಾಕುವ ಮುಂಚೆ ನಡುವೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಮುಚ್ಚುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ಖಾಲಿ ಇರುವ ಕೌದಿ ಹೊದ್ದವರು ಹಸಿದು ಮಲಗುತ್ತಾರೆಂಬ ನಂಬಿಕೆ. ಬೂದೆಮ್ಮ ಅದನ್ನು ಶಿಬಿರಕ್ಕೆ ಮುಂಚಿನ ದಸರೆಯಲ್ಲಿ ಬಿಚ್ಚಿ ಹೊಸದಾಗಿ ಹೊಲಿದಿದ್ದರಿಂದ ಚೂರು ಇನ್ನೂ ತಮ್ಮ ಬೆರಳಿಗೆ ಸಿಗುವಷ್ಟು ಗಟ್ಟಿಯಾಗಿತ್ತು. ನಾನು ಉತ್ತರವನ್ನು ಓದಿ ಹೇಳಿದಾಗ ಅವಳು, "ಇವರ ಚೀಲದಾಗ ನಾ ಜ್ವಾಳ ಹುಡುಕಿದ್ರ ಒಂದು ಕಾಳು ಸಿಗಲಿಲ್ಲ. ನನ್ನ ಕೌದ್ಯಾಗಿನ ತುಣುಕು ರೊಟ್ಟಿ ಇವರ ಕಣ್ಣಿಗೆ ಬಿತ್ತೇನ್ರಿ?" ಎಂದಳು. ಅವಳು ಓದಿದವಳಲ್ಲ, ಕಚೇರಿಯ ಭಾಷೆ ಬಾರದು; ತಾವು ದೊಡ್ಡ ಮನಸ್ಸು ಮಾಡಬೇಕು.

ವಿಚಾರಣೆ ಎಲ್ಲಿಗೆ ಬಂತೆಂದು ತಿಳಿಯಲು ನಾನು ರಾಯಚೂರಿಗೆ ಬಂದಾಗಲೆಲ್ಲ ತಮ್ಮ ಜವಾನ ಅಲ್ಲಾಉದ್ದೀನ್ ಪ್ರೀತಿಯಿಂದ ಮಾತಾಡಿಸಿದ್ದಾನೆ. "ರೊಟ್ಟಿ ಕೇಸಿಗೆ ಬಂದೀರೇನ್ರಿ? ಕೂಡ್ರಿ ಕೂಡ್ರಿ. ಬ್ಯಾಸಿಗ್ಯಾಗ ಬಂದಿದ್ರ ಸಾಹೇಬ್ರು ಕೊಡತಿದ್ರೇನೋ. ಈಗ ಥಂಡಿ ಶುರು ಆಗ್ಯದ, ಕಷ್ಟ ಅದ ನೋಡ್ರಿ" ಎಂದು ಮೊನ್ನೆ ಹೇಳಿದನು. ರೊಟ್ಟಿಯ ವಿಚಾರಣೆಗೂ ಚಳಿಗೂ ಏನು ಸಂಬಂಧವೆಂದು ನನಗೆ ಇನ್ನೂ ತಿಳಿದಿಲ್ಲ.

ಇನ್ನು ನಮ್ಮ ಅಭಿಪ್ರಾಯ. ನಿದ್ರಾಚೀಲಗಳನ್ನು ಹೇಗೂ ತರಿಸಿದ್ದಾಗಿದೆ, ಅವುಗಳಿಗೆ ಅವಮಾನವಾಗಬಾರದು. ಆದ್ದರಿಂದ ಬರುವ ಜನವರಿಯೊಳಗೆ ಮಾನ್ವಿ ತಾಲೂಕಿಗೆ ಸಾಕಷ್ಟು ಹಿಮವನ್ನು ಮಂಜೂರು ಮಾಡಿಸಬೇಕು; ಒಂದೇ ಸಲಕ್ಕೆ ಆಗದಿದ್ದರೆ ಕಂತುಗಳಲ್ಲಿ ಬಿದ್ದರೂ ನಡೆದೀತು. ತುಂಗಭದ್ರೆ ಶಿಬಿರದ ಅವಧಿಯಲ್ಲಿ ಹೆಪ್ಪುಗಟ್ಟಿ ನಿಲ್ಲುವಂತೆ ಸಂಬಂಧಪಟ್ಟವರಿಗೆ ಸೂಚನೆ ಹೋಗಬೇಕು. ರಾಯಚೂರಿನ ಉಷ್ಣಾಂಶವನ್ನು ಚೀಲದ ಚೀಟಿಗೆ ಸರಿಹೊಂದುವಂತೆ ಒಂದು ಸುತ್ತೋಲೆಯ ಮೂಲಕ ಇಳಿಸಬೇಕು, ಮತ್ತು ಆ ಸುತ್ತೋಲೆಯ ಎಲ್ಲ ಅಕ್ಷರಗಳಿಗೂ ಮಸಿ ಹತ್ತುವಂತೆ ನೋಡಿಕೊಳ್ಳಬೇಕು. ಇವು ಸಾಧ್ಯವಾಗದಿದ್ದಲ್ಲಿ ಚೀಲಗಳಿಗೆ ಜೋಳ ತುಂಬಿ ಕೊಡಬಹುದು. ಜನ ಒಂದು ಮಾತೂ ಆಡದೆ ತೆಗೆದುಕೊಂಡು ಹೋಗುತ್ತಾರೆ, ಹೊದೆಯಲು ತಮ್ಮ ತಮ್ಮ ಕೌದಿಗಳನ್ನೇ ತರುತ್ತಾರೆ.

ಹೊದಿಕೆಯ ವಿಷಯದಲ್ಲಿ ತಮ್ಮ ಅನುಭವದ ಮುಂದೆ ನಮ್ಮ ಅಭಿಪ್ರಾಯ ಸಣ್ಣದೆಂದು ಬಲ್ಲ,

ತಮ್ಮ ವಿಶ್ವಾಸಿ,
ಹಂಪಣ್ಣ
ಕಾರ್ಯದರ್ಶಿ, ಯುವಕ ಮಂಡಲ, ದೇವದುರ್ಗ

ಅಡಿಮಾತು: ಪತ್ರ ಮುಗಿಸಿದ ಮೇಲೆ ನಡೆದ ಒಂದು ಸಂಗತಿಯನ್ನು ಸೇರಿಸಬೇಕಾಗಿದೆ. ಮಗಳನ್ನು ದವಾಖಾನೆಗೆ ತೋರಿಸಲು ರಾಯಚೂರಿಗೆ ಬಂದಿದ್ದ ಬೂದೆಮ್ಮ, ತಮ್ಮ ಸರ್ಕಾರಿ ವಸತಿಗೃಹದ ಮುಂದೆ ಹಾದುಹೋಗುವಾಗ ಆವರಣದ ಗೋಡೆಯ ಮೇಲೆ ಬಿಸಿಲಿಗೆ ಹರವಿದ್ದ ಕೌದಿಯೊಂದನ್ನು ಕಂಡಳು. ಮೂಲೆಯ ಕೆಂಪು ಖಣಗಳನ್ನು ಮುಟ್ಟಿ ನೋಡಿ, ನಡುವೆ ಕೈಯಾಡಿಸಿ ರೊಟ್ಟಿ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡಳಂತೆ. ಸಾರ್ವಜನಿಕರನ್ನು ಕೇಳುತ್ತಿರುವ ಪ್ರಶ್ನೆಗೆ ತಾವು ಪ್ರತಿ ರಾತ್ರಿ ಉತ್ತರ ಕೊಡುತ್ತಿದ್ದೀರೆಂದು ಆಗ ನಮಗೆ ತಿಳಿಯಿತು. "ಗೋಡಿ ಮ್ಯಾಲೆ ಇತ್ತಲ್ಲ, ಎಳಕೊಂಡು ಬರಬೇಕಿಲ್ಲ?" ಎಂದು ಕನಕಪ್ಪ ಬೈದನು. ಅವಳು, "ನಂದು ನಾ ಕದ್ದು ತರಲೇನು? ಅವರ ಕೈಲೆ ಕೊಡಲಿ. ಸಾಹೇಬ್ರಿಗೂ ಚಳಿ ಆಗ್ತದ, ಖರೆ. ಆದ್ರ ಅವರಿಗೆ ಚೀಲ ಅದ. ಹುಟ್ಟೋ ಕೂಸಿಗೆ ಏನದ?" ಎಂದಳು. ಎಳ್ಳ ಅಮಾವಾಸ್ಯೆಗೆ ಇನ್ನೂ ಸಮಯವಿದೆ.