ಸರ್ವರಿಗೂ ಸರ್ವಾಧಿಕಾರ

"ನೀನು ಹೋಗಿ ಕತ್ತರಿ ಸಾಣೆ ಹಿಡಿ. ಕಂಪ್ಯೂಟರನ್ನ ನಾನು ಪಳಗಿಸ್ತೀನಿ!" ಎಂದು ಗಂಡರಾಯರು ತೋಳೇರಿಸಿದರು.

ಹೆಂಡತಿ ನಾಟಕಗಳಿಗೆ ಉಡುಪು ಹೊಲಿಯುವವಳು. ಅಂದು ಸಂಜೆಯೇ ಪ್ರದರ್ಶನ. ರಾಣಿಯ ಗೌನು ಇನ್ನೂ ಬಟ್ಟೆಯ ಥಾನಾಗಿಯೇ ಮಲಗಿತ್ತು. ಅಳತೆಗಳೆಲ್ಲ ಇದ್ದದ್ದು ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ. ಅದರಲ್ಲಿ ಉಡುಪಿನ ನಕ್ಷೆ ಮುದ್ರಿಸುವ ತಂತ್ರಾಂಶವೋ, ಪ್ರತಿ ಸಲವೂ ಒಂದು ತೋಳನ್ನು ನುಂಗಿಬಿಡುತ್ತಿತ್ತು! ಹೊಸ ಆವೃತ್ತಿಯ ಸೋರ್ಸ್ ಕೋಡ್ ಇಳಿಸಿಕೊಂಡರೆ ಸರಿಹೋಗುತ್ತದೆಂದು ಗಂಡರಾಯರು ಎಲ್ಲೋ ಓದಿದ್ದರು.

ಇಳಿಸಲು ಹೋದರೆ ಪರದೆಯ ಮೇಲೆ ಒಂದೇ ಸಾಲು: ಅನುಮತಿ ಇಲ್ಲ.

ಗಂಡರಾಯರು ದಂಗಾದರು. "ನನ್ನ ಮನೆ, ನನ್ನ ಮೇಜು, ನನ್ನ ಕರೆಂಟು! ನನಗೇ ಅನುಮತಿ ಇಲ್ವಂತೆ!"

"ನೀವು ಇಳಿಸ್ತಿರೋ ಫೋಲ್ಡರ್ ನಿಮ್ಮದಲ್ವೇನೋ," ಎಂದಳು ಹೆಂಡತಿ ಕತ್ತರಿ ಮಸೆಯುತ್ತಾ. " ಬೇರೆ ಕಡೆ ಇಳಿಸಿ ನೋಡಿ."

"ಹೊಸ್ತಿಲಲ್ಲಿ ತಡೆದರೆ ಬೆನ್ನು ತೋರಿಸೋ ವಂಶ ಅಲ್ಲ ಕಣೇ ನಮ್ಮದು!"

ಅಡ್ಮಿನ್ ಪಾಸ್‌ವರ್ಡ್ ಒತ್ತಿ, ಆ ಫೋಲ್ಡರಿನಲ್ಲಿ ಎಲ್ಲರಿಗೂ ಎಲ್ಲ ಅಧಿಕಾರ ದಯಪಾಲಿಸುವ ರಾಜಾಜ್ಞೆ ಹೊರಡಿಸಿದರು. ಆಜ್ಞೆಯಲ್ಲಿ ಒಂದೇ ಒಂದು ಚುಕ್ಕಿ ಬಿಟ್ಟುಹೋಯಿತು. ಚುಕ್ಕಿ ಇದ್ದರೆ ಆ ಫೋಲ್ಡರು. ಇಲ್ಲದಿದ್ದರೆ ಇಡೀ ಯಂತ್ರ! ಆಫ್ ಮಾಡಿ ಆನ್ ಮಾಡಿದರೆ ಕಂಪ್ಯೂಟರು ಅರ್ಧಕ್ಕೇ ನಿಂತು ಮೋರೆ ಕಪ್ಪು ಮಾಡಿಕೊಂಡಿತು.

ಕಂಪ್ಯೂಟರ್ ಬಲ್ಲ ಬಾಮೈದನಿಗೆ ಫೋನ್ ಹೋಯಿತು.

"ಅಯ್ಯೋ ಭಾವ! ಖಜಾನೆ ಬಾಗಿಲು ಹಾರುಹೊಡೆದಿದ್ದು ನೋಡಿ ಕಂಪ್ಯೂಟರಿನ ಕಾವಲುಗಾರನೇ ಗಾಬರಿಯಾಗಿ ಎಲ್ಲರನ್ನೂ ಹೊರಗೆ ಹಾಕಿದಾನೆ."

"ನನ್ನನ್ನೂ?"

"ನಿಮ್ಮನ್ನೇ ಮೊದಲು!"

"ಅಳತೆಗಳು?"

"ಒಳಗೆ ಭದ್ರವಾಗಿವೆ. ನಾಳೆ ಬಂದು ತೆಗೆದುಕೊಡ್ತೀನಿ."

ನಾಳೆ! ಪ್ರದರ್ಶನ ಇರುವುದು ಇಂದು ಸಂಜೆ. ರಾಣಿ ಪಾತ್ರದಾಕೆ ಬೇರೆ ಊರಿನಿಂದ ಬಂದಿಳಿಯುವುದೇ ನಾಟಕದ ಪರದೆ ಏಳುವ ಹೊತ್ತಿಗೆ; ಅಳತೆ ಕೇಳೋಣವೆಂದರೆ ಆಕೆಯ ಫೋನೂ ಸ್ವಿಚ್ ಆಫ್.

ಹೆಂಡತಿ ಬೈಯಲಿಲ್ಲ. ಅದು ಇನ್ನೂ ದೊಡ್ಡ ಆಘಾತ! ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿದಳು.

"ಸ್ಟೂಲ್ ಹತ್ತಿ. ಆಯಮ್ಮ ನಿಮ್ಮಷ್ಟೇ ಎತ್ತರ, ಭುಜಾನೂ ನಿಮ್ಮಷ್ಟೇ. ಅವರಿಗೆ ಸೊಂಟ ಇದೆ, ಅಷ್ಟೇ ವ್ಯತ್ಯಾಸ."

"ನನಗಿಲ್ವೇನೇ?"

"ನಿಮಗಿರೋದು ಹೊಟ್ಟೆ."

ಗುಲಾಬಿ ರೇಷ್ಮೆ ಮೈಮೇಲೆ ಬಿತ್ತು. ಸುತ್ತಲೂ ಗುಂಡುಸೂಜಿಗಳ ಸೈನ್ಯ ಮುತ್ತಿಗೆ ಹಾಕಿತು.

"ಉಸಿರು ಒಳಗೆಳ್ಕೊಳ್ಳಿ. ಇನ್ನೂ... ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ!"

ಕೆಂಪೇರಿದ ಮಹಾರಾಣಿ ಮೀಸೆಯಡಿಯಿಂದಲೇ ಪಿಸುಗುಟ್ಟಿದರು: "ಎಷ್ಟು ಹೊತ್ತು ಕಣೇ?"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ಅಂದಳು: "ಹೊಲಿಗೆ ಮುಗಿಯೋ ತನಕ."