ಎರವಲು ಕೂದಲು

ಅತ್ತೆ ಸೊಸೆಗೆ ಟೋಪಿ ಹಾಕುವುದು ಹೊಸದೇನಲ್ಲ. ಆದರೆ ಪಿನ್ನಕ್ಕನ ಅತ್ತೆ ಟೋಪಿ ಹಾಕಿದ್ದು ಕುದಿಯುವ ನೀರಿಗೆ. ಅದೂ ಸೊಸೆಯ ಮೇಲಿನ ಪ್ರೀತಿಯಿಂದ. ನಾಳೆ ಅಂಗಡಿಯಲ್ಲಿ ಫೋಟೋ ತೆಗೆಯುತ್ತಾರಂತೆ, ಸೊಸೆ ಶುಭ್ರವಾಗಿ ಕಾಣಲಿ ಎಂದು ಅವಳ ಕಪ್ಪು ಉಣ್ಣೆಯ ಟೋಪಿಯನ್ನು ಚೆನ್ನಾಗಿ ಕುದಿಸಿ, ಹಿಂಡಿ, ಒಲೆಯ ಪಕ್ಕ ಒಣಗಲು ಹಾಕಿದ್ದರು. ಬೆಳಿಗ್ಗೆ ನೋಡಿದರೆ ಅದು ಚಳಿಯಾದ ನಿಂಬೆಹಣ್ಣಿಗೆ ಹೊದಿಸುವಷ್ಟಾಗಿತ್ತು.

"ಎಳೆದ್ರೆ ಬರುತ್ತೆ ಕಣೇ" ಎಂದರು ಅತ್ತೆ.

ಇಬ್ಬರೂ ಎಳೆದರು. ಬಂತು. ಎರಡು ತುಂಡಾಗಿ ಬಂತು.

ಪಿನ್ನಕ್ಕ ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಬಟ್ಟೆ ಅಂಗಡಿಯ ಶೋಕೇಸಿನ ಗೊಂಬೆಗಳಿಗೆ ಬಟ್ಟೆ ತೊಡಿಸುವುದು ಅವಳ ಕೆಲಸ. ತುಟಿಗಳ ನಡುವೆ ಸದಾ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ಹೋದ ವರ್ಷ ಬೆರಳಿನ ಕೀಲುಗಳೆಲ್ಲ ಊದಿಕೊಂಡು, ಪಿನ್ನು ಹಿಡಿಯುವುದಿರಲಿ, ಲೋಟ ಹಿಡಿಯುವುದೂ ಕಷ್ಟವಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಒಳ್ಳೆಯ ಮಾತ್ರೆ, ಸುಳ್ಳು ಹೇಳಬಾರದು. ಬೆರಳು ಮತ್ತೆ ಮಡಚಿದವು, ಪಿನ್ನು ಮತ್ತೆ ತುಟಿಗೆ ಬಂತು. ಆದರೆ ಆ ಮಾತ್ರೆ ನೋವನ್ನು ಹೊತ್ತುಕೊಂಡು ಹೋಗುವಾಗ ದಾರಿಯಲ್ಲಿ ಸಿಕ್ಕ ಕೂದಲನ್ನೂ ಬಾಚಿಕೊಂಡು ಹೋಯಿತು.

"ಹೆದರ್ಬೇಡಿ, ಮಾತ್ರೆ ಕಮ್ಮಿ ಮಾಡಿದ ಮೇಲೆ ವಾಪಸ್ ಬರುತ್ತೆ" ಎಂದಿದ್ದರು ಡಾಕ್ಟರು, ಕೂದಲು ನಾಲ್ಕು ದಿನ ನೆಂಟರ ಮನೆಗೆ ಹೋಗಿದೆ ಎನ್ನುವ ಹಾಗೆ.

ಅಂಗಡಿಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ತಲೆಗೆ ಗಾಳಿ ಆಗಲ್ಲ ಎಂದು ಟೋಪಿಗೆ ಅನುಮತಿ ಪಡೆದಿದ್ದಳು. ಗುಟ್ಟು ಊಹಿಸಿದ್ದವರು ಅಂಗಡಿಗೆಲ್ಲ ಮಾವನೆನಿಸಿದ್ದ ವಾಚ್‌ಮನ್ ಮಾವ ಒಬ್ಬರೇ. ಟೋಪಿಯ ಕೆಳಗಿನ ಕಷ್ಟ ಟೋಪಿಯವರಿಗೇ ಗೊತ್ತು.

ಆ ಬೆಳಿಗ್ಗೆ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಹಿಂಬಾಗಿಲಿಗೆ ಬಂದಾಗ ಬೀಗ ತೆಗೆಯುತ್ತಿದ್ದವರೂ ಅವರೇ.

"ಈರುಳ್ಳಿ ರಸ ಹಚ್ಚು ಅಂದಿದ್ನಲ್ಲ, ಹಚ್ಚಿದ್ಯೇನಮ್ಮಾ?"

"ಹೂಂ ಮಾವ" ಎಂದಳು, ಮಾತು ಬೇಗ ಮುಗಿಯಲಿ ಎಂದು.

"ಬಿಡಬೇಡ. ನಾನು ಹತ್ತು ವರ್ಷ ಹಚ್ಚಿದೀನಿ." ಅವಳ ಕಣ್ಣು ತಮ್ಮ ತಲೆಯ ಕಡೆ ಹೊರಳಿದ್ದನ್ನು ಕಂಡು ಅವರು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. "ಹಚ್ಚದೇ ಇದ್ದಿದ್ರೆ ಇನ್ನೂ ಬೇಗ ಹೋಗ್ತಿತ್ತು."

ಅಂಗಡಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಶೋಕೇಸಿನಲ್ಲಿ ನೀಲಿ ಕೋಟಿನ ಗೊಂಬೆ, ಭುಜದವರೆಗೆ ಇಳಿದ ಕಪ್ಪು ಕೂದಲಿನ ವಿಗ್ ಹಾಕಿಕೊಂಡು, ತನಗೇನೂ ಕೊರತೆಯಿಲ್ಲ ಎಂಬಂತೆ ನಿಂತಿತ್ತು. ಪಿನ್ನಕ್ಕ ಅದರ ಮುಖ ನೋಡಿದಳು. "ಒಂದೇ ಒಂದು ಫೋಟೋಗೆ ಕಣೇ. ಆಮೇಲೆ ಕೊಡ್ತೀನಿ" ಎಂದು ಅದಕ್ಕೇ ಹೇಳಿ, ವಿಗ್ಗನ್ನು ತನ್ನ ತಲೆಗೆ ಏರಿಸಿಕೊಂಡಳು. ಬದಲಿಗೆ ಟವೆಲನ್ನು ಗೊಂಬೆಗೆ ಸುತ್ತಿದಳು. ಕೋಟು ಹಾಕಿಕೊಂಡೇ ಸ್ನಾನ ಮಾಡಿ ಬಂದವಳ ಹಾಗೆ ಕಂಡಿತು. ಬಿಚ್ಚಿದಳು. ಫೋಟೋದವರು ಬೆಳಿಗ್ಗೆಯೇ ಬರುತ್ತಾರೆ, ಅಷ್ಟರೊಳಗೆ ಬೋಳು ಗೊಂಬೆಯನ್ನು ಯಾರು ನೋಡುತ್ತಾರೆ?

ಮೊದಲು ಒಳಗೆ ಬಂದವಳು ಬಿಲ್ಲಿಂಗ್ ಕೌಂಟರಿನವಳು. ಅವಳ ಕಣ್ಣು ಬಿಲ್ಲಿಗಿಂತ ಬೇಗ ಓಡುತ್ತಿತ್ತು. "ಅಯ್ಯೋ ಅಕ್ಕಾ! ಇಂಥಾ ಕೂದಲಿಟ್ಕೊಂಡು ಇಷ್ಟು ದಿನ ಟೋಪಿ ಹಾಕ್ಕೊಂಡು ಓಡಾಡ್ತಿದ್ರಾ?"

ವಾಚ್‌ಮನ್ ಮಾವ ಇಣುಕಿದವರು ಬಾಗಿಲಲ್ಲೇ ನಿಂತುಬಿಟ್ಟರು. "ಈರುಳ್ಳಿ!" ಎಂದರು ಕೊನೆಗೆ, ದೇವರನ್ನೇ ಕಂಡವರ ಧ್ವನಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ತರಕಾರಿ ಅಂಗಡಿಯಲ್ಲಿ ಈರುಳ್ಳಿ ಮುಗಿದಿತ್ತು ಎಂದು ಆಮೇಲೆ ತಿಳಿಯಿತು.

ಫೋಟೋದವರು ಮಾತ್ರ ಬರಲಿಲ್ಲ. ಮ್ಯಾನೇಜರು ಫೋನಿನ ಮೇಲೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ವಿಗ್ಗು ತುರಿಸತೊಡಗಿತು. ತಲೆ ಕೆರೆದುಕೊಂಡರೆ ಇಡೀ ಕೂದಲೇ ಎಡಕ್ಕೆ ಸರಿಯುತ್ತಿತ್ತು. ಸದ್ಯಕ್ಕೆ ಇದನ್ನು ವಾಪಸ್ ಹಾಕಿ ಟವೆಲನ್ನೇ ಸುತ್ತಿಕೊಳ್ಳೋಣ ಎಂದು ಪಿನ್ನಕ್ಕ ಶೋಕೇಸಿನ ಕಡೆ ಹೋದಳು. ಗಾಜಿನ ಆಚೆ, ಅಗಲ ಅಂಚಿನ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಲ್ಲಿ ದೊಡ್ಡ ಚೀಲ. ಕಣ್ಣು ಬೋಳು ಗೊಂಬೆಯ ಮೇಲೆ.

ಪಿನ್ನಕ್ಕ ಹಿಂದಕ್ಕೆ ಬಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದಳು. ಆ ಹೆಂಗಸು ರಸ್ತೆಯ ತುದಿಯವರೆಗೆ ಹೋಗಿ ಮತ್ತೆ ಅಲ್ಲೇ ಬಂದು ನಿಂತಿದ್ದಳು.

"ಹೆಡ್ ಆಫೀಸಿನವಳು" ಎಂದಳು ಬಿಲ್ಲಿಂಗಿನವಳು, ಕೌಂಟರಿನಿಂದ ಕತ್ತು ಚಾಚಿ. "ಹೇಳದೇ ಕೇಳದೇ ತಪಾಸಣೆಗೆ ಕಳಿಸ್ತಾರಂತೆ ಸಾರ್. ಆ ಚೀಲ ನೋಡಿ, ತುಂಬಾ ಫೈಲು."

ಮ್ಯಾನೇಜರಿಗೆ ಹೆಡ್ ಆಫೀಸ್ ಎಂದರೆ ಹುಲಿ ಎಂದ ಹಾಗೆ. ಓಡಿಹೋಗಿ ಶೋಕೇಸ್ ನೋಡಿದರು. ಓಡಿ ಬಂದರು.

"ಗೊಂಬೆ ತಲೇಲಿದ್ದ ಕೂದಲೆಲ್ಲಿ?"

ಗೋದಾಮಿನ ಪೆಟ್ಟಿಗೆಗಳು ಮಗುಚಿದವು, ಟ್ರಯಲ್ ರೂಮಿನ ಪರದೆಗಳು ಹಾರಿದವು. ಪಿನ್ನಕ್ಕನೂ ಮಂಡಿಯೂರಿ ಕಪಾಟಿನ ಅಡಿಯಲ್ಲಿ ಹುಡುಕಿದಳು. ಕಳೆದ ವಸ್ತುವನ್ನು ತಲೆಯ ಮೇಲೇ ಇಟ್ಟುಕೊಂಡು ಹುಡುಕುವುದು ಎಂಥ ಕಷ್ಟ ಎಂದು ಹುಡುಕಿದವರಿಗೇ ಗೊತ್ತು.

"ಎಷ್ಟು ಉದ್ದ ಇತ್ತು ಪಿನ್ನಕ್ಕ ಅದು?"

"ಭುಜದವರೆಗೆ ಸಾರ್."

"ನಿಮ್ಮ ಕೂದಲಿನಷ್ಟು?"

"ಹತ್ತಿರ ಹತ್ತಿರ ಅಷ್ಟೇ ಸಾರ್."

ಮ್ಯಾನೇಜರು ಅವಳನ್ನು ನೋಡಿದರು. ಆದರೆ ವರ್ಷಗಟ್ಟಲೆ ಅದೇ ಗೊಂಬೆಯ ಮುಂದೆ ಓಡಾಡಿದ ಆ ಮನುಷ್ಯ ಒಂದು ದಿನವೂ ಅದರ ತಲೆ ನೋಡಿದವರಲ್ಲ. ಅವರ ದೃಷ್ಟಿ ಅವಳನ್ನು ದಾಟಿ ವಾಚ್‌ಮನ್ ಮಾವನ ಮೇಲೆ ಬಿತ್ತು.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಟೋಪಿ ತೆಗೀರಿ."

ಮುದುಕರು ಟೋಪಿ ತೆಗೆದರು. ದೀಪದ ಬೆಳಕು ನುಣ್ಣಗಿನ ತಲೆಯ ಮೇಲೆ ಜಾರಿತು.

"ನೋಡಿ! ಕೂದಲಿನ ಅವಶ್ಯಕತೆ ಇರೋದು ಇಲ್ಲಿ ಇವರೊಬ್ಬರಿಗೇ!"

"ಸಾರ್, ಹೆಂಗಸರ ಕೂದಲು ಹಾಕ್ಕೊಂಡು ಗೇಟಲ್ಲಿ ನಿಂತ್ಕೊಳ್ಳೋಕಾಗುತ್ತಾ?" ಎಂದರು ಅವರು. ಬಿಲ್ಲಿಂಗಿನವಳು ಕಿಸಕ್ಕೆಂದಳು. ಮುದುಕರು ನಗಲಿಲ್ಲ. ಬೀಗದ ಕೈ ಗೊಂಚಲನ್ನು ಜೇಬಿನಿಂದ ತೆಗೆದು ಮೆಲ್ಲಗೆ ಕೌಂಟರಿನ ಮೇಲಿಟ್ಟರು. "ಇಷ್ಟು ವರ್ಷದಲ್ಲಿ ಒಂದು ಗುಂಡಿ ಕೂಡ ಮನೆಗೆ ತಗೊಂಡು ಹೋದವನಲ್ಲ ನಾನು. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಪಿನ್ನಕ್ಕ ತುಟಿಯಲ್ಲಿದ್ದ ಪಿನ್ನುಗಳನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಆಮೇಲೆ ಕೂದಲನ್ನೂ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಮಾವ ಅಲ್ಲ ಸಾರ್. ನಾನು."

ಪಿನ್ನಕ್ಕ ಅವಸರವಸರವಾಗಿ ಎಲ್ಲವನ್ನೂ ಹೇಳಿದಳು: ಕೀಲು, ಮಾತ್ರೆ, ಅತ್ತೆ ಕುದಿಸಿದ ಟೋಪಿ, ಫೋಟೋ. ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು. ಬಿಲ್ಲಿಂಗಿನವಳ ಕಣ್ಣಲ್ಲಿ ನೀರು ತುಂಬಿತು.

"ಅಂದ್ರೆ..." ಎಂದರು ವಾಚ್‌ಮನ್ ಮಾವ, ಬಹಳ ನಿರಾಸೆಯಿಂದ, "ಈರುಳ್ಳಿ ಅಲ್ವಾ?"

ಮೊದಲು ನಕ್ಕವಳು ಪಿನ್ನಕ್ಕ. ಆಮೇಲೆ ಎಲ್ಲರೂ ನಕ್ಕರು. ಮ್ಯಾನೇಜರು ಬೀಗದ ಕೈಯನ್ನು ತಾವೇ ಎತ್ತಿ ಮುದುಕರ ಜೇಬಿಗೆ ಹಾಕಿ, "ತಪ್ಪಾಯ್ತು ಮಾವ" ಎಂದರು.

ಆ ನಗುವಿನ ನಡುವೆ ಬಾಗಿಲು ತೆರೆಯಿತು. ಅಗಲ ಟೋಪಿಯ ಹೆಂಗಸು.

ಮ್ಯಾನೇಜರು ಕೈ ಹಿಸುಕಿಕೊಂಡು ಓಡಿದರು. "ಮೇಡಂ, ಆ ಗೊಂಬೆ ವಿಷಯ, ಈಗಲೇ ಸರಿ ಮಾಡಿಸ್ತೀನಿ..."

"ಸಾರ್, ನಾನು ಫೋಟೋ ತೆಗೆಯೋಳು. ತುಂಬಾ ತಡ ಮಾಡ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ" ಎಂದಳು ಆಕೆ. ಮುಂದೆ ಏನೋ ಹೇಳಲು ಹೋದವಳ ಕಣ್ಣು ಪಿನ್ನಕ್ಕನ ತಲೆಗೆ ಹೋಯಿತು. ಅಲ್ಲಿಂದ ಕೌಂಟರಿನ ಮೇಲಿನ ವಿಗ್ಗಿಗೆ. "ಇದು... ಮಾರಿ ಹೋಗಿಲ್ವಾ?"

ಆಕೆಯ ಕೈ ನಿಧಾನವಾಗಿ ಮೇಲೇರಿ ಟೋಪಿ ತೆಗೆಯಿತು. ಕೆಳಗೆ, ಆಗತಾನೆ ಮೊಳಕೆಯೊಡೆದ ಹೊಲದ ಹಾಗೆ, ಅರ್ಧ ಬೆರಳಿನಷ್ಟೂ ಇಲ್ಲದ ಕೂದಲು.

"ನಂದೂ ಮಾತ್ರೆದೇ. ಕಾಯಿಲೆ ವಾಸಿಯಾದ ಮೇಲೆ ಇವತ್ತೇ ಮೊದಲನೇ ಕೆಲಸ. ಈ ಟೋಪಿ ಅಂಚು ಕ್ಯಾಮೆರಾಗೆ ತಾಗುತ್ತೆ, ತೆಗೀಲೇಬೇಕು. ನಿನ್ನೆ ಸಂಜೆ ಬೆಳಕು ನೋಡೋಕೆ ಬಂದಾಗ ಗೊಂಬೆ ತಲೆ ಮೇಲೆ ಇದನ್ನ ಕಂಡೆ. ಬೆಳಿಗ್ಗೆ ಕೇಳೋಣ ಅಂತ ಬಂದ್ರೆ ಗೊಂಬೇನೂ ನನ್ನ ಹಾಗೇ ನಿಂತಿತ್ತು. ಒಳಗೆ ಬರೋಕೆ ಕಾಲೇ ಏಳಲಿಲ್ಲ."

ಪಿನ್ನಕ್ಕ ಹೆಚ್ಚು ಯೋಚಿಸಲಿಲ್ಲ. ಮ್ಯಾನೇಜರ ಮುಖ ನೋಡಿದಳು. ಹುಲಿ ಅಲ್ಲವೆಂದು ತಿಳಿದು ಹಗುರಾಗಿದ್ದ ಅವರು ಇಡೀ ಅಂಗಡಿಯನ್ನೇ ಕೊಟ್ಟುಬಿಡುವವರ ಹಾಗೆ ತಲೆಯಾಡಿಸಿದರು. ಅವಳು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ವಿಗ್ಗನ್ನು ಸರಿಯಾಗಿ ಕೂರಿಸಿ, ಸಡಿಲವಿದ್ದ ಪಟ್ಟಿಯನ್ನು ಎರಡೇ ಪಿನ್ನಿನಲ್ಲಿ ಬಿಗಿ ಮಾಡಿದಳು. ಬೆರಳು ಒಂದು ಕಡೆಯೂ ತಡವರಿಸಲಿಲ್ಲ.

"ನಿಮಗೆ ಯಾವಾಗ ಬರೋಕೆ ಶುರುವಾಯ್ತು?" ಎಂದು ಕಿವಿಯಲ್ಲಿ ಕೇಳಿದಳು.

"ಮಾತ್ರೆ ಕಮ್ಮಿ ಮಾಡಿದ ಎರಡನೇ ತಿಂಗಳಿಗೇ. ಒಂದು ದಿನ ದಿಂಬು ಚುಚ್ಚಿದ ಹಾಗಾಯ್ತು, ಮುಟ್ಟಿ ನೋಡಿದ್ರೆ ಕೂದಲು! ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿಬಿಟ್ಟೆ." ಆಕೆ ಕನ್ನಡಿ ನೋಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. "ನಿಮಗೂ ಬರುತ್ತೆ ಅಕ್ಕ. ಕಾಯಿರಿ."

ಅನುಭವಿಸಿದವಳ ಬಾಯಿಂದ ಬಂದದ್ದಕ್ಕೋ ಏನೋ, ಡಾಕ್ಟರು ಹೇಳಿದಾಗ ಹುಟ್ಟದಿದ್ದ ನಂಬಿಕೆ ಪಿನ್ನಕ್ಕನಿಗೆ ಈಗ ಹುಟ್ಟಿತು.

"ಬನ್ನಿ ಬನ್ನಿ, ಬೆಳಕು ಹೋಗುತ್ತೆ!" ಫೋಟೋದವಳು ಈಗ ಬೇರೆಯವಳೇ ಆಗಿದ್ದಳು. ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದಳು, ಮ್ಯಾನೇಜರ ಹೊಟ್ಟೆ ಒಳಗೆಳೆಸಿದಳು. ವಾಚ್‌ಮನ್ ಮಾವ ಪಿನ್ನಕ್ಕನ ಪಕ್ಕ ಬಂದು ನಿಂತು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಪಿನ್ನಕ್ಕನಿಗೆ ಎಂಥ ಸಂತೋಷವೆಂದರೆ, ಹಲ್ಲೆಲ್ಲ ಕಾಣುವಂತೆ ನಕ್ಕಳು. ಫ್ಲ್ಯಾಶ್ ಮಿಂಚಿತು.

ಮಿಂಚಿದ ಮೇಲೆ ಅವಳಿಗೆ ಹೊಳೆಯಿತು, ತಾನು ಬೆಳಿಗ್ಗೆಯಿಂದ ಇಷ್ಟೆಲ್ಲ ಪಾಡುಪಟ್ಟದ್ದು ಯಾತಕ್ಕೆ ಎಂದು.

ಆ ಫೋಟೋ ಈಗ ಅಂಗಡಿಯ ಮುಂಬಾಗಿಲಲ್ಲೇ, ಆಳೆತ್ತರಕ್ಕೆ ತೂಗುತ್ತಿದೆ. ನಡುವೆ ಎರಡು ತಲೆಗಳು ಜೋಡಿ ದೀಪದಂತೆ ಹೊಳೆಯುತ್ತಿವೆ. ಆ ದಿನ ಅಷ್ಟು ಗಲಾಟೆ ಎಬ್ಬಿಸಿದ ಆ ಸೊಂಪಾದ ಕಪ್ಪು ಕೂದಲು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಅದು ಕ್ಯಾಮೆರಾದ ಹಿಂದೆ ನಿಂತಿತ್ತು.