ಬುಸ್ಸೆನ್ನುವ ರೆಗ್ಯುಲೇಟರು

ಮೀಂಜ ಎಂಬ ಊರಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡುವ ಪಂಪುಗಳನ್ನು ರಿಪೇರಿ ಮಾಡುವ ಹರ್ಬರ್ಟರ ಅಂಗಡಿಗೆ ಬೆಳಿಗ್ಗೆಯೇ ಹೆಂಡತಿಯ ಅಕ್ಕನ ಮಗ ರೊಯ್ಸ್ಟನ್ ಬಂದ. ಕೈಯಲ್ಲಿ ಗಾಳಿ ತುಂಬಿದ ಸಿಲಿಂಡರು, ಜೊತೆಗೊಂದು ರೆಗ್ಯುಲೇಟರು. ಸಮುದ್ರದಲ್ಲಿ ಮುಳುಗುವವರು ಬಾಯಲ್ಲಿ ಕಚ್ಚಿ ಉಸಿರಾಡುವ ಸಾಧನ. ಗಾಳಿ ತೆರೆದದ್ದೇ ತಡ, ಯಾರೂ ಕಚ್ಚದೆಯೂ ಬುಸ್ಸೆಂದಿತು. ರೊಯ್ಸ್ಟನ್ ಥಟ್ಟನೆ ಮುಚ್ಚಿದ.

"ಅಂಕಲ್, ನಾಳೆ ಬೋಟಿನ ಪ್ರೊಪೆಲ್ಲರಿಗೆ ಸುತ್ತಿದ ಬಲೆ ಬಿಡಿಸ್ಲಿಕ್ಕುಂಟು. ನನಗೆ ಸಿಕ್ಕಿದ ಮೊದಲ ಕೆಲಸ. ಇದು ಸರಿಯಾಗದಿದ್ರೆ ಬೇರೆಯವರನ್ನು ಕರೀತಾರೆ."

"ಅದಕ್ಕೆಂತ ಮಾರಾಯ? ಸಂಜೆ ಬಾ."

ಹರ್ಬರ್ಟರು ಬಿಚ್ಚಿ ನೋಡಿದರು. ಒಳಗೊಂದು ತೆಳ್ಳನೆಯ ರಬ್ಬರು ಬಿಲ್ಲೆ. ಉಸಿರೆಳೆದರೆ ಅದು ಬಾಗಿ ಪುಟ್ಟ ಕಡ್ಡಿಯನ್ನು ಒತ್ತುತ್ತದೆ. ಎಳೆದಷ್ಟೇ ಗಾಳಿ ಬರುತ್ತದೆ. ಮೂವತ್ತು ವರ್ಷ ವಾಲ್ವುಗಳ ಜೊತೆ ಬದುಕಿದ ಮನುಷ್ಯ ಕೈಮುಗಿಯುವುದೊಂದು ಬಾಕಿ.

ನೆರೆಮನೆಯ ಶಿವಸುಬ್ರಹ್ಮಣ್ಯ ಭಟ್ಟರು ಇಣುಕಿದರು. "ನಾಲ್ಕು ಹನಿ ತೆಂಗಿನೆಣ್ಣೆ ಬಿಡಿ ಹರ್ಬರ್ಟರೇ."

"ಗಾಳಿಯ ದಾರಿಗೆ ಎಣ್ಣೆ ಆಗ್ಲಿಕ್ಕಿಲ್ಲ ಭಟ್ರೇ."

"ಹುಣಸೆಹುಳಿ ತರ್ಲಾ?" ಎಂದರು ಭಟ್ಟರ ಹೆಂಡತಿ ಸುಬ್ಬಲಕ್ಷ್ಮಿಯಮ್ಮ.

ಕಡ್ಡಿಯ ಬುಡದಲ್ಲಿ ಸಮುದ್ರದ ಉಪ್ಪು ಗಟ್ಟಿಕಟ್ಟಿತ್ತು. ಹೆಂಡತಿ ಎವ್ಲಿನ್ ಹಂದಿಮಾಂಸಕ್ಕೆಂದು ಇಟ್ಟಿದ್ದ ವಿನೆಗರನ್ನು ಬಿಸಿನೀರಿಗೆ ಸುರಿದು ನೆನೆಸಿ, ತೊಳೆದು, ಜೋಡಿಸಿದರು. ಬುಸ್ಸು ನಿಂತಿತು.

"ನೀರಲ್ಲಿ ನೋಡದೆ ಕೊಡುದಾ?" ಎಂದರು ಭಟ್ಟರು.

ಮಾತು ನಾಟಿತು. ಯಾವ ಪಂಪನ್ನೂ ಹರ್ಬರ್ಟರು ಹಾಗೇ ಕೊಟ್ಟವರಲ್ಲ. ತಾವೇ ಬೆನ್ನಿಗೇರಿಸಿ, ತುಂಬಿಸಿದ ನೀರೆಲ್ಲ ಮುಗಿಯುವ ತನಕ ಬಿಟ್ಟು ನೋಡಿಯೇ ಕೊಡುವುದು. ಈಜು ಬಾರದಿದ್ದರೂ ಭಟ್ಟರ ಕೆರೆಯ ಮೆಟ್ಟಿಲಿಳಿದರು. ಮೂಗಿಗೆ ಬಟ್ಟೆಯ ಕ್ಲಿಪ್ಪು, ಪಕ್ಕದಲ್ಲಿ ಸಿಲಿಂಡರು, ತೇಲದಂತೆ ತೊಡೆಯ ಮೇಲೆ ಸುಬ್ಬಲಕ್ಷ್ಮಿಯಮ್ಮನ ರುಬ್ಬುಗುಂಡು. ಮುಳುಗಿ ಕೂತರು.

ಮೊದಲ ಉಸಿರು ಬಂತು. ಎರಡನೆಯದೂ ಬಂತು. ನೀರಿನಡಿ ನಾನು ಬದುಕಿದ್ದೇನೆ! ಮೀನುಮರಿಗಳು ಮೀಸೆಯನ್ನು ಮೂಸಿ ಹೋದವು. ತಲೆಯ ಮೇಲೆ ಬಿಸಿಲು ಹಸಿರಾಗಿ ಅಲುಗುತ್ತಿತ್ತು. ತಾವೇ ತೊಳೆದ ಬಿಲ್ಲೆ, ಕೇಳಿದಾಗಲೆಲ್ಲ ಕೇಳಿದಷ್ಟು ಗಾಳಿ ಕೊಡುತ್ತಿತ್ತು. ಹರ್ಬರ್ಟರಿಗೆ ಸಂತೋಷದಿಂದ ಅಳುವೇ ಬಂತು. ಸಾಕು, ಮೇಲೆ ಬನ್ನಿ ಎಂದು ದಡದಲ್ಲಿ ಎವ್ಲಿನ್ ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಗಂಟೆ ಕಳೆದು, ಎಷ್ಟು ಎಳೆದರೂ ಉಸಿರು ಬಾರದಾದಾಗ ಎದ್ದರು. ಎದುರಿಗೆ ರೊಯ್ಸ್ಟನ್ ನಿಂತಿದ್ದ.

"ಏ ಒನ್ ಆಗಿದೆ ಮಾರಾಯ! ಪೂರ್ತಿ ಬಿಟ್ಟು ನೋಡಿದ್ದೇನೆ!"

ರೊಯ್ಸ್ಟನ್ ಗಾಳಿ ತೋರಿಸುವ ಮೀಟರಿನ ಮುಳ್ಳು ಸೊನ್ನೆಗಿಳಿದದ್ದು ನೋಡಿ ಮೆಟ್ಟಿಲಲ್ಲೇ ಕುಸಿದ. "ಪೂರ್ತಿಯಾ? ಅಂಕಲ್, ಇದಕ್ಕೆ ಗಾಳಿ ತುಂಬಿಸುವ ಮೆಶಿನ್ ಈ ಊರಲ್ಲೆಲ್ಲೂ ಇಲ್ಲ. ನಾಳೆ ನಾನು ಎಂತ ಉಸಿರಾಡುದು?"

"ನಮ್ಮಲ್ಲಿ ಸೈಕಲ್ ಪಂಪು ಉಂಟು," ಎಂದರು ಭಟ್ಟರು.